ದಡಾರದ ಬೆನ್ನು ಹತ್ತಿದ ಜಾನ್ ಎಂಡರ್ಸ್

ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಬರೆದುಕೊಡು ಎಂದು ಜೀವಶಾಸ್ತ್ರ ಉಪನ್ಯಾಸಕರು ಹೇಳಿದಾಗ ನಾನು ಆರಿಸಿಕೊಂಡದ್ದು ಜಾನ್ ಫ್ರಾಂಕ್ಲಿನ್ ಎಂಡರ್ಸ್ ಅವರನ್ನು. ದಡಾರದ ಲಸಿಕೆ ಹುಟ್ಟಿದ್ದು ಅವರ ಪ್ರಯೋಗಾಲಯದಲ್ಲಿ. ಪೋಲಿಯೊ ಲಸಿಕೆಯ ಸಾಲ್ಕ್, ಸೇಬಿನ್ ಹೆಸರುಗಳನ್ನು ನಾವು ಕೇಳಿದ್ದೇವೆ, ಇವರ ಹೆಸರು ಕೇಳಿದವರು ಕಡಿಮೆ. ಇನ್ನೊಂದು ಕಾರಣವೂ ಇದೆ. ನೊಬೆಲ್ ಪಡೆದ ಈ ವಿಜ್ಞಾನಿ ಎಂ.ಎ. ಮಾಡಿದ್ದು ಇಂಗ್ಲಿಷ್ ಸಾಹಿತ್ಯದಲ್ಲಿ!

ಎಂಡರ್ಸ್ ಹುಟ್ಟಿದ್ದು 1897ರ ಫೆಬ್ರವರಿ 10ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ. ತಂದೆ ಬ್ಯಾಂಕ್ ನಡೆಸುತ್ತಿದ್ದವರು, ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಮೊದಲನೇ ಮಹಾಯುದ್ಧ ಬಂತು. ಓದು ಬಿಟ್ಟು ಸೇನೆ ಸೇರಿ, ವಿಮಾನ ಹಾರಿಸುವುದನ್ನು ಇತರರಿಗೆ ಕಲಿಸಿದರು. ಹಿಂದಿರುಗಿ ಪದವಿ ಮುಗಿಸಿ ಸ್ವಲ್ಪ ಕಾಲ ಮನೆ, ಜಾಗ ಮಾರಾಟದ ವ್ಯವಹಾರ ಮಾಡಿದರು. ಅದು ಅವರಿಗೆ ಹಿಡಿಸಲಿಲ್ಲ. ಹಾರ್ವರ್ಡ್ ಸೇರಿ 1922ರಲ್ಲಿ ಎಂ.ಎ. ಮುಗಿಸಿ, ಸಾಹಿತ್ಯದಲ್ಲೇ ಪಿಎಚ್.ಡಿ.ಗೆ ಓದತೊಡಗಿದರು.

ಅವರ ಜೊತೆ ವಾಸವಿದ್ದ ಹ್ಯೂ ವಾರ್ಡ್ ಎಂಬ ಆಸ್ಟ್ರೇಲಿಯಾದ ಯುವಕ ವೈದ್ಯಕೀಯ ಕಾಲೇಜಿನಲ್ಲಿ ಬ್ಯಾಕ್ಟೀರಿಯಾ ವಿಜ್ಞಾನ ಕಲಿಸುತ್ತಿದ್ದ. ಅವನ ಹಿಂದೆ ಪ್ರಯೋಗಾಲಯಕ್ಕೆ ಹೋಗಿ ಬರುತ್ತಾ ಎಂಡರ್ಸ್ ಅವರ ಮನಸ್ಸು ಅಲ್ಲೇ ನಿಂತಿತು. ಅಲ್ಲಿನ ಮುಖ್ಯಸ್ಥ ಹಾನ್ಸ್ ಜಿನ್ಸರ್ ಕೂಡ ವಿಜ್ಞಾನಿಯಾಗಿದ್ದು ಕವಿತೆ ಬರೆಯುತ್ತಿದ್ದವರು. ಸಾಹಿತ್ಯದ ಪ್ರಬಂಧ ಬದಿಗೆ ಸರಿಯಿತು. 1930ರಲ್ಲಿ ವಿಜ್ಞಾನದಲ್ಲಿ ಪಿಎಚ್.ಡಿ. ಸಿಕ್ಕಾಗ ಅವರಿಗೆ 33 ವರ್ಷ. ನಮ್ಮಲ್ಲಾದರೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರದೊಳಗೆ ಆರ್ಟ್ಸೋ ಸೈನ್ಸೋ ಎಂದು ನಿರ್ಧಾರವಾಗಿಬಿಡುತ್ತದೆ, ಮತ್ತೆ ಆರ್ಟ್ಸಿನಿಂದ ಈಚೆ ದಾಟುವುದು ಬಹಳ ಕಷ್ಟ. ಇದು ನನಗೆ ಸರಿ ಕಾಣುವುದಿಲ್ಲ.

ಪೋಲಿಯೊ ಕೆಲಸವನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1949ರಲ್ಲಿ ಎಂಡರ್ಸ್, ಥಾಮಸ್ ವೆಲ್ಲರ್ ಮತ್ತು ಫ್ರೆಡರಿಕ್ ರಾಬಿನ್ಸ್ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ, ನರಕ್ಕೆ ಸೇರದ ಜೀವಕೋಶಗಳಲ್ಲೂ ಪೋಲಿಯೊ ವೈರಸ್ ಬೆಳೆಸಬಹುದು ಎಂದು ತೋರಿಸಿದರು. ಪೋಲಿಯೊ ಲಸಿಕೆಗೆ ದಾರಿ ತೆರೆದದ್ದು ಇದೇ. 1954ರ ನೊಬೆಲ್ ತನ್ನೊಬ್ಬನಿಗೆ ಬೇಡ, ಕಿರಿಯರಾದ ಈ ಇಬ್ಬರಿಗೂ ಸೇರಬೇಕು ಎಂಬುದು ಎಂಡರ್ಸ್ ಅವರ ಪಟ್ಟಾಗಿತ್ತು. ಹಾಗೆಯೇ ಆಯಿತು.

ದಡಾರದ ಕಡೆಗೆ ಬರೋಣ. ಸಿಡುಬು ಮತ್ತು ದಡಾರ ಬೇರೆ ಬೇರೆ ಎಂದು ಅಲ್-ರಾಝಿ ಸುಮಾರು 1,100 ವರ್ಷಗಳ ಹಿಂದೆಯೇ ಲಕ್ಷಣ ಸಮೇತ ವಿವರಿಸಿದ್ದರು. ಆದರೆ ದಡಾರಕ್ಕೆ ಕಾರಣವಾದ ವೈರಸ್ಸನ್ನು ಹಿಡಿದು ಬೆಳೆಸಲು ಇಪ್ಪತ್ತನೇ ಶತಮಾನವೇ ಬರಬೇಕಾಯಿತು. 1954ರ ಆರಂಭದಲ್ಲಿ ಬಾಸ್ಟನ್ ಹತ್ತಿರದ ಒಂದು ವಸತಿ ಶಾಲೆಯಲ್ಲಿ ಹುಡುಗರಿಗೆ ದಡಾರ ಹಬ್ಬಿತು. ಎಂಡರ್ಸ್ ತಂಡದ ಯುವ ವೈದ್ಯ ಥಾಮಸ್ ಪೀಬಲ್ಸ್ ಅಲ್ಲಿಗೆ ಹೋಗಿ ರಕ್ತದ ಮಾದರಿ ತಂದರು. ಎಡ್‌ಮನ್‌ಸ್ಟನ್ ಎಂಬ ಹುಡುಗನ ಮಾದರಿಯಲ್ಲಿದ್ದ ವೈರಸ್ ಚೆನ್ನಾಗಿ ಬೆಳೆಯಿತು. ಅದಕ್ಕೆ ಅವನ ಹೆಸರೇ ಉಳಿದಿದೆ.

ಇನ್ನು ಆ ವೈರಸ್ಸನ್ನು ಸಾಯಿಸದೆ ದುರ್ಬಲಗೊಳಿಸಬೇಕಿತ್ತು. ಮನುಷ್ಯನ ಮೂತ್ರಪಿಂಡದ ಕೋಶಗಳಲ್ಲಿ 24 ಸಲ, ಗರ್ಭದಲ್ಲಿ ಮಗುವನ್ನು ಸುತ್ತಿರುವ ಪೊರೆಯ ಕೋಶಗಳಲ್ಲಿ 28 ಸಲ, ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ 6 ಸಲ, ಆಮೇಲೆ ಕೋಳಿಭ್ರೂಣದ ಕೋಶಗಳಲ್ಲಿ ಹೀಗೆ ಒಂದರಿಂದ ಒಂದಕ್ಕೆ ದಾಟಿಸುತ್ತಾ ಹೋದರು. ಕೋಳಿಯ ಕೋಶಕ್ಕೆ ಒಗ್ಗಿದ ವೈರಸ್ ಮನುಷ್ಯನಲ್ಲಿ ರೋಗ ತರುವ ಬಲ ಕಳೆದುಕೊಂಡಿತು, ರೋಗನಿರೋಧಕ ಶಕ್ತಿ ಹುಟ್ಟಿಸುವ ಗುಣ ಮಾತ್ರ ಉಳಿಯಿತು. ವರ್ಷಗಟ್ಟಲೆ ಹಿಡಿದ ಕೆಲಸ ಇದು.

1958ರಲ್ಲಿ ಲಸಿಕೆಯನ್ನು ಮಕ್ಕಳಿಗೆ ಮೊದಲು ಕೊಟ್ಟದ್ದು ಬುದ್ಧಿಮಾಂದ್ಯ ಮಕ್ಕಳ ಒಂದು ಸರ್ಕಾರಿ ವಸತಿ ಸಂಸ್ಥೆಯಲ್ಲಿ. ಅಲ್ಲಿ ದಡಾರ ಪದೇ ಪದೇ ಬಂದು ಮಕ್ಕಳು ಸಾಯುತ್ತಿದ್ದರು ನಿಜ. ಆದರೂ ತಮ್ಮ ಪರವಾಗಿ ಮಾತಾಡಲಾಗದ ಮಕ್ಕಳ ಮೇಲೆ ಮೊದಲ ಪ್ರಯೋಗ ಮಾಡಿದ್ದನ್ನು ಓದುವಾಗ ನನ್ನ ಮನಸ್ಸು ಒಪ್ಪಲಿಲ್ಲ. ಲಸಿಕೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1963ರ ಮಾರ್ಚ್‌ನಲ್ಲಿ. ಮೊದಲ ಲಸಿಕೆಯಿಂದ ಜ್ವರ ಹೆಚ್ಚು ಬರುತ್ತಿತ್ತು. ಮಾರಿಸ್ ಹಿಲ್ಲೆಮನ್ ಅದನ್ನು ಇನ್ನಷ್ಟು ಸೌಮ್ಯಗೊಳಿಸಿದ ಲಸಿಕೆ 1968ರಲ್ಲಿ ಬಂತು. ಎಂಡರ್ಸ್ ತಮ್ಮ ವೈರಸ್ಸನ್ನು ಬಚ್ಚಿಟ್ಟುಕೊಳ್ಳಲಿಲ್ಲ, ಕೇಳಿದ ಪ್ರಯೋಗಾಲಯಗಳಿಗೆಲ್ಲ ಕೊಟ್ಟರು. ಹಿಲ್ಲೆಮನ್ ಶುರುಮಾಡಿದ್ದೂ ಅದರಿಂದಲೇ.

ಅಮೆರಿಕದಲ್ಲಿ ಆಗ ದಡಾರದಿಂದ ವರ್ಷಕ್ಕೆ 400ರಿಂದ 500 ಸಾವು. ಜಗತ್ತಿನಲ್ಲಿ ಸುಮಾರು 26 ಲಕ್ಷ! ಅಂದರೆ ಲಸಿಕೆ ಹುಟ್ಟಿದ ಊರಿಗಿಂತ ಅದು ಬೇಕಾಗಿದ್ದ ಊರುಗಳು ಬೇರೆ. 1960ರಲ್ಲೇ ಎಂಡರ್ಸ್ ಅವರ ಸಹೋದ್ಯೋಗಿ ಸ್ಯಾಮ್ಯುಯೆಲ್ ಕಾಟ್ಜ್ ಲಸಿಕೆ ಹಿಡಿದುಕೊಂಡು ನೈಜೀರಿಯಾಕ್ಕೆ ಹೋಗಿದ್ದರು. ಪಶ್ಚಿಮ ಆಫ್ರಿಕಾದಲ್ಲಿ ಹೊಟ್ಟೆಗೆ ಸರಿಯಾಗಿ ಇಲ್ಲದ ಮಕ್ಕಳಿಗೆ ದಡಾರ ಬಂದರೆ ಬೆನ್ನಿಗೇ ನ್ಯುಮೋನಿಯಾ, ಭೇದಿ. ವಿಟಮಿನ್ ಎ ಕೊರತೆ ಇದ್ದರೆ ಕಣ್ಣೂ ಹೋಗುತ್ತಿತ್ತು. ದಡಾರ ದಾಟುವವರೆಗೆ ಮಗುವನ್ನು ತಮ್ಮ ಲೆಕ್ಕಕ್ಕೆ ಸೇರಿಸದ ತಾಯಂದಿರಿದ್ದರು ಎಂದು ಅಲ್ಲಿ ದುಡಿದ ವೈದ್ಯರು ನೆನಪಿಸಿಕೊಂಡಿದ್ದಾರೆ.

ಇಂದು ಬುರ್ಕಿನಾ ಫಾಸೊ ಎನಿಸಿಕೊಂಡಿರುವ ಅಪ್ಪರ್ ವೋಲ್ಟಾದಲ್ಲಿ 1962-63ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 7 ಲಕ್ಷ ಮಕ್ಕಳಿಗೆ ಲಸಿಕೆ ಹಾಕಲಾಯಿತು. ಅದನ್ನು ಕಂಡು ನೆರೆಯ ದೇಶಗಳೂ ಕೇಳಿದವು. 1966ರ ನಂತರ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ 20 ದೇಶಗಳಲ್ಲಿ ಸಿಡುಬು ಮತ್ತು ದಡಾರದ ಲಸಿಕೆಯನ್ನು ಒಟ್ಟಿಗೆ ಕೊಂಡೊಯ್ದರು. ಪುಟ್ಟ ದೇಶ ಗ್ಯಾಂಬಿಯಾದಲ್ಲಿ ದಡಾರ ಹರಡುವುದೇ ಕೆಲಕಾಲ ನಿಂತುಹೋಯಿತು. ಹೊರಗಿನ ಹಣ ನಿಂತ ಮೇಲೆ ಅದು ಮರಳಿ ಬಂತು. ಪ್ರತಿ ವರ್ಷ ಹೊಸ ಮಕ್ಕಳು ಹುಟ್ಟುತ್ತಾರಲ್ಲ, ಪ್ರತಿ ವರ್ಷವೂ ಹಾಕುತ್ತಲೇ ಇರಬೇಕು. ನೂರರಲ್ಲಿ 95 ಮಕ್ಕಳಿಗಾದರೂ ಎರಡೂ ಡೋಸ್ ಸಿಗದಿದ್ದರೆ ದಡಾರ ದಾರಿ ಹುಡುಕಿಕೊಳ್ಳುತ್ತದೆ.

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ದೇಶದಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿಂದ 15 ವರ್ಷದೊಳಗಿನವರಿಗೆಲ್ಲ ಚುಚ್ಚುಮದ್ದು. ನಾನಾಗ ಪ್ರಾಥಮಿಕ ಶಾಲೆಯಲ್ಲಿದ್ದೆ. ವಾಟ್ಸಾಪ್‌ನಲ್ಲಿ ಏನೇನೋ ಹೆದರಿಸುವ ಸಂದೇಶಗಳು ಬಂದು, ನಮ್ಮ ಬೀದಿಯ ಕೆಲವರು ಆ ದಿನ ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ಉಮ್ಮ ನೇರವಾಗಿ ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ ಕೇಳಿಕೊಂಡು ಬಂದು, ಮರುದಿನ ನನ್ನನ್ನೂ ತಂಗಿಯನ್ನೂ ಕಳಿಸಿದರು. ಸಂಜೆ ತಂಗಿಗೆ ಸ್ವಲ್ಪ ಜ್ವರ ಬಂತು, ಬೆಳಿಗ್ಗೆ ಇಳಿಯಿತು.

ಎಂಡರ್ಸ್ ಅಷ್ಟು ವರ್ಷ ಬದುಕಿರಲಿಲ್ಲ. ಭಾರತ ತನ್ನ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರದ ಲಸಿಕೆ ಸೇರಿಸಿದ್ದು 1985ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 8ರಂದು, 88ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಸಂಜೆ ಅವರು ಮನೆಯವರಿಗೆ ಟಿ.ಎಸ್. ಎಲಿಯಟ್ ಅವರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ.