ಮತವಿಲ್ಲದ ಸಲಹೆಗಾರ ಬಿ.ಎನ್. ರಾವ್

ಸಂವಿಧಾನ ಎಂದ ಕೂಡಲೇ ನಮಗೆಲ್ಲ ಡಾ. ಅಂಬೇಡ್ಕರ್ ಅವರ ನೆನಪು ಬರುತ್ತದೆ. ಆ ದೊಡ್ಡ ಕೆಲಸದಲ್ಲಿ ನಮ್ಮ ದಕ್ಷಿಣ ಕನ್ನಡದವರೊಬ್ಬರೂ ಇದ್ದರು ಅಂತ ತುಂಬ ಜನರಿಗೆ ಗೊತ್ತಿಲ್ಲ. ಅವರೇ ಬೆನಗಲ್ ನರಸಿಂಗ ರಾವ್.

ಇವರು 1887ನೇ ಇಸವಿ ಫೆಬ್ರವರಿ 26ರಂದು ಮಂಗಳೂರಿನಲ್ಲಿ ಹುಟ್ಟಿದರು. ತಂದೆ ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಮೆಟ್ರಿಕ್ ಪರೀಕ್ಷೆಯಲ್ಲಿ ಇಡೀ ಮದ್ರಾಸ್ ಪ್ರಾಂತ್ಯಕ್ಕೇ ಮೊದಲಿಗರಾದರು. ಮತ್ತೆ ಮದ್ರಾಸಿನಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಲಿತರು. ಐ.ಸಿ.ಎಸ್. ಪಾಸಾಗಿ ಬಂಗಾಳದಲ್ಲಿ ಕೆಲಸಕ್ಕೆ ಸೇರಿದರು. ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು.

1941ರಲ್ಲಿ ಹಿಂದೂ ಕಾನೂನು ಸಮಿತಿಗೆ ಇವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಕೊಡಬೇಕೋ ಬೇಡವೋ ಅಂತ ಆಗ ದೊಡ್ಡ ಚರ್ಚೆ. ಸಮಿತಿಯವರು ದೊಡ್ಡ ದೊಡ್ಡ ಪಟ್ಟಣಗಳಿಗೆ ಹೋಗಿ, ಬೇಕು ಎನ್ನುವವರ ಮಾತನ್ನೂ ಬೇಡ ಎನ್ನುವವರ ಮಾತನ್ನೂ ಕೇಳಿ ಬರೆದುಕೊಂಡರು.

1946ರಲ್ಲಿ ರಾವ್ ಅವರು ಸಂವಿಧಾನ ರಚನಾ ಸಭೆಯ ಸಲಹೆಗಾರರಾದರು. ಈ ಕೆಲಸಕ್ಕೆ ಅವರು ಸಂಬಳ ತೆಗೆದುಕೊಳ್ಳಲಿಲ್ಲ. ಅವರು ಸಭೆಯ ಸದಸ್ಯರೂ ಅಲ್ಲ. ಹಾಗಾಗಿ ಅವರಿಗೆ ಮತ ಹಾಕುವ ಹಕ್ಕು ಇರಲಿಲ್ಲ.

ಸಭೆಯಲ್ಲಿ ನೂರಾರು ಸದಸ್ಯರು. ಒಬ್ಬೊಬ್ಬರದು ಒಂದೊಂದು ಭಾಷೆ, ಒಂದೊಂದು ಅಭಿಪ್ರಾಯ. ಸುಮ್ಮನೆ ಮಾತಿಗೆ ಕೂತರೆ ಗಲಾಟೆಯೇ ಆದೀತು. ಅದಕ್ಕೆ ರಾವ್ ಅವರು ಬೇರೆ ಬೇರೆ ದೇಶಗಳಲ್ಲಿ ಹೇಗೆ ಉಂಟು ಅಂತ ಪುಸ್ತಿಕೆಗಳನ್ನು ಮಾಡಿ ಸದಸ್ಯರಿಗೆ ಕೊಟ್ಟರು. 1947ರ ಮಾರ್ಚಿನಲ್ಲಿ ಒಂದು ಪ್ರಶ್ನೆಪಟ್ಟಿ ಕಳಿಸಿದರು. ದೇಶದ ಮುಖ್ಯಸ್ಥರನ್ನು ಏನೆಂದು ಕರೆಯಬೇಕು? ಅವರನ್ನು ಹೇಗೆ ಆರಿಸಬೇಕು? ಎಷ್ಟು ವರ್ಷಕ್ಕೆ? ಇಂಥ ಪ್ರಶ್ನೆಗಳು ಅದರಲ್ಲಿದ್ದವು. ಇದರಿಂದ ಯಾವುದರ ಬಗ್ಗೆ ತೀರ್ಮಾನ ಆಗಬೇಕು ಅಂತ ಎಲ್ಲರಿಗೂ ಮೊದಲೇ ತಿಳಿಯಿತು.

ಸಭೆಯ ಸಮಿತಿಗಳು ಒಪ್ಪಿದ ವಿಷಯಗಳನ್ನು ಸೇರಿಸಿ ರಾವ್ ಅವರು 1947ರ ಅಕ್ಟೋಬರಿನಲ್ಲಿ ಮೊದಲ ಕರಡು ತಯಾರಿಸಿದರು. ಅಂಬೇಡ್ಕರ್ ಅವರ ಸಮಿತಿ ಅದನ್ನು ತಿದ್ದಿ ಹೊಸ ಕರಡು ಮಾಡಿತು. ಅದಕ್ಕೆ ಸದಸ್ಯರು 7,635 ತಿದ್ದುಪಡಿ ಕೊಟ್ಟರು. ಸಭೆಯಲ್ಲಿ ಮಂಡನೆಯಾದದ್ದು 2,473. ರಾವ್ ಅವರ ಎಲ್ಲ ಸಲಹೆಗಳನ್ನೂ ಒಪ್ಪಲಿಲ್ಲ. ರಾಜ್ಯ ನಿರ್ದೇಶಕ ತತ್ವಗಳಿಗೆ ಮೂಲಭೂತ ಹಕ್ಕುಗಳಿಗಿಂತ ಹೆಚ್ಚಿನ ಬಲ ಬೇಕು ಎಂಬ ಅವರ ಸಲಹೆ ಬಿದ್ದುಹೋಯಿತು. ಆದರೂ ಅವರು ಕೆಲಸ ಬಿಡಲಿಲ್ಲ. 1949ರ ನವೆಂಬರ್ 26ರಂದು ಸಭೆ ಸಂವಿಧಾನವನ್ನು ಅಂಗೀಕರಿಸಿತು. ಅದರ ಹಿಂದಿನ ದಿನದ ಭಾಷಣದಲ್ಲಿ ಅಂಬೇಡ್ಕರ್ ಅವರು ಕೀರ್ತಿಯ ಒಂದು ಪಾಲು ರಾವ್ ಅವರಿಗೂ ಸಲ್ಲಬೇಕೆಂದು ಹೇಳಿದರು.

ಅನಂತರ ರಾವ್ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ ತೀರಿಕೊಂಡರು.

ಗೆಳೆಯ ಗೆಳತಿಯರೇ, ನಮ್ಮ ತರಗತಿಯಲ್ಲಿ ಪ್ರವಾಸದ ಮಾತು ಬಂದರೆ ಎಂತ ಆಗುತ್ತದೆ? ಕೆಲವರು ಮೂಡಬಿದ್ರೆಯ ಸಾವಿರ ಕಂಬದ ಬಸದಿ ಅನ್ನುತ್ತಾರೆ, ಕೆಲವರು ಬೆಳ್ತಂಗಡಿಯ ಗಡಾಯಿಕಲ್ಲು, ಮತ್ತೆ ಕೆಲವರು ಬಂಟ್ವಾಳದ ಕಾರಿಂಜ. ಜೋರು ಸ್ವರದವರು ಗೆಲ್ಲುತ್ತಾರೆ. ಬಸ್ಸಿನ ದುಡ್ಡು ಕೊಡಲಿಕ್ಕೆ ಕಷ್ಟ ಇರುವವರು ಬಾಯಿ ಬಿಡುವುದಿಲ್ಲ, ಪ್ರವಾಸದ ದಿನ ಮನೆಯಲ್ಲೇ ಉಳಿಯುತ್ತಾರೆ. ಈ ಸಲ ನಾವು ರಾವ್ ಅವರ ಹಾಗೆ ಮಾಡುವ. ದೂರ ಎಷ್ಟು, ಖರ್ಚು ಎಷ್ಟು, ಯಾರಿಗೆ ಎಂತ ತೊಂದರೆ ಅಂತ ಒಂದು ಪ್ರಶ್ನೆಪಟ್ಟಿ ಬರೆದು ಎಲ್ಲರಿಗೂ ಕೊಡುವ. ಹೆಸರು ಹಾಕದೆ ಚೀಟಿಯಲ್ಲಿ ಉತ್ತರ ಬರೆಯಲಿ. ಎಲ್ಲ ಚೀಟಿ ಓದಿದ ಮೇಲೆ ತೀರ್ಮಾನ ಮಾಡುವ. ಚೀಟಿ ಓದುವ ಕೆಲಸ ಲೀಡರಿಗೆ ಕೊಡುವ, ಆದರೆ ಅವನು ತನ್ನ ಇಷ್ಟವನ್ನು ಕೊನೆಗೆ ಹೇಳಲಿ.