ರಾಬರ್ಟ್ ವೈಟ್: ಗಿಡಗಳಿಗೆ ಹೆಸರಿಟ್ಟವರು

ಕನ್ನಡ ನುಡಿಯುವ ದೇವಾಂಗ ನೇಕಾರರು ತಲೆಮಾರುಗಳಿಂದ ನೆಲೆಸಿರುವ ಕೊಯಮತ್ತೂರು ಸೀಮೆ ಹತ್ತಿಯ ನಾಡು. ನೂಲಿನ ಗಿರಣಿಗಳು ಇಲ್ಲಿ ತಲೆಯೆತ್ತುವ ಮೊದಲೇ ಈ ಹೊಲಗಳಲ್ಲಿ ಹನ್ನೊಂದು ವರ್ಷ ದುಡಿದು, ದಕ್ಷಿಣ ಭಾರತದ ಅನೇಕ ಸಸ್ಯಗಳಿಗೆ ವೈಜ್ಞಾನಿಕ ನಾಮವಿತ್ತವರು ರಾಬರ್ಟ್ ವೈಟ್.

1796ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ವೈಟ್, ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ, 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಮದರಾಸು ಪ್ರಾಂತಕ್ಕೆ ಬಂದರು. ವೃತ್ತಿ ವೈದ್ಯಕೀಯವಾದರೂ ಅವರ ಒಲವು ಸಸ್ಯಗಳತ್ತ ಇತ್ತು. 1842ರಲ್ಲಿ ಕಂಪನಿಯು ಅಮೆರಿಕದ ಹತ್ತಿಯನ್ನು ಬೆಳೆಸುವ ಪ್ರಯೋಗದ ಹೊಣೆಯನ್ನು ವಹಿಸಿ ಅವರನ್ನು ಕೊಯಮತ್ತೂರಿಗೆ ಕಳುಹಿಸಿತು. ಆ ಪ್ರಯೋಗ ನಿರೀಕ್ಷಿತ ಫಲ ಕೊಡಲಿಲ್ಲ. ಆದರೆ 1838ರಿಂದ 1853ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ಅವರ ಸಸ್ಯಚಿತ್ರಗ್ರಂಥ ಶಾಶ್ವತವಾಯಿತು. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಫಲಕಗಳಿವೆ. ಅವುಗಳಲ್ಲಿ ಬಹುಪಾಲನ್ನು ಬರೆದವರು ರಂಗಯ್ಯ ಮತ್ತು ಗೋವಿಂದು ಎಂಬ ಭಾರತೀಯ ಕಲಾವಿದರು.

1753ರಲ್ಲಿ ಲಿನೇಯಸ್ ಸಸ್ಯಗಳಿಗೆ ನೆಲೆಗೊಳಿಸಿದ ಪದ್ಧತಿಯಂತೆ ಪ್ರತಿ ಸಸ್ಯದ ಹೆಸರಿಗೂ ಎರಡು ಪದ: ಮೊದಲನೆಯದು ಕುಲವನ್ನು, ಎರಡನೆಯದು ಆ ಕುಲದೊಳಗಿನ ಪ್ರಭೇದವನ್ನು ಸೂಚಿಸುತ್ತದೆ. ಹೆಸರಿಟ್ಟವರ ಹೆಸರು ಕೊನೆಯಲ್ಲಿ ಬರುತ್ತದೆ. ಪುನರ್ಪುಳಿಯ ಕುಲಕ್ಕೆ ಸೇರಿದ ಗಾರ್ಸಿನಿಯಾ ವೈಟಿಯೈ ಎಂಬ ಮರದ ಹೆಸರಿನಲ್ಲಿ ಎರಡನೆಯ ಪದಕ್ಕೆ 'ವೈಟರ' ಎಂದೇ ಅರ್ಥ. ಅದು ಲ್ಯಾಟಿನ್ನಿನ ಷಷ್ಠೀ ವಿಭಕ್ತಿ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ರೂಢಿಯಲ್ಲ. ಈ ಗೌರವವನ್ನು ಅವರಿಗೆ ಸಲ್ಲಿಸಿದವರು ಮತ್ತೊಬ್ಬ ಸಸ್ಯವಿಜ್ಞಾನಿ.

ವೈಟ್ ಕೂಡ ತಮ್ಮ ಜೊತೆಗಾರರನ್ನು ಹೀಗೆಯೇ ನೆನೆದರು. ವೈದ್ಯರೂ ಪ್ರಾಣಿಶಾಸ್ತ್ರಜ್ಞರೂ ಆಗಿದ್ದ ಜೆರ್ಡನ್ ಅವರಿಗಾಗಿ ಒಂದು ಕುಲಕ್ಕೆ ಜೆರ್ಡೋನಿಯಾ ಎಂದೂ, ಚಿತ್ರಕಾರ ಗೋವಿಂದುವಿಗಾಗಿ ಒಂದು ಆರ್ಕಿಡ್ ಕುಲಕ್ಕೆ ಗೋವಿಂದೂಯಿಯಾ ಎಂದೂ ಹೆಸರಿಟ್ಟರು. ಜೆರ್ಡೋನಿಯಾ ಇಂದಿಗೂ ಉಳಿದಿದೆ. ಗೋವಿಂದೂಯಿಯಾ ಉಳಿಯಲಿಲ್ಲ: ಆ ಆರ್ಕಿಡ್ ಸೇರಬೇಕಾದ ಕುಲಕ್ಕೆ 1833ರಲ್ಲೇ ಲಿಂಡ್ಲಿ ಟ್ರೊಪಿಡಿಯಾ ಎಂದು ಹೆಸರಿಟ್ಟಿದ್ದರು. ಮೊದಲು ಪ್ರಕಟವಾದ ಹೆಸರೇ ನಿಲ್ಲತಕ್ಕದ್ದು ಎಂಬುದು ನಾಮಕರಣದ ನಿಯಮ. ಅದು ಕೃತಜ್ಞತೆಯನ್ನು ಲೆಕ್ಕಿಸುವುದಿಲ್ಲ. ಆದರೆ ಅದೇ ಶಾಸ್ತ್ರ ಬಿಟ್ಟ ಹೆಸರನ್ನು ಅಳಿಸುವುದೂ ಇಲ್ಲ, ಪರ್ಯಾಯನಾಮವಾಗಿ ದಾಖಲಿಸಿಡುತ್ತದೆ. ಗೋವಿಂದು ಅಲ್ಲಿ ಇನ್ನೂ ಇದ್ದಾರೆ.

1853ರಲ್ಲಿ ವೈಟ್ ತಾಯ್ನಾಡಿನ ಕಡೆಗೆ ಮರಳಿ, 1872ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಪಶ್ಚಿಮಘಟ್ಟದ ಎಷ್ಟೋ ಗಿಡಗಳ ಹೆಸರಿನ ಕೊನೆಯಲ್ಲಿ ಇಂದಿಗೂ ಅವರ ಹೆಸರಿದೆ. ಅದನ್ನು ಓದುವಾಗ, ಆ ಗಿಡಗಳ ಎಲೆ ಹೂಗಳನ್ನು ಕಾಗದದ ಮೇಲೆ ಮೂಡಿಸಿದ ಕೈಗಳನ್ನೂ ನಾವು ನೆನೆಯಬೇಕು.