ಹಳೆಯ ಗೋಡೆ, ಹೊಸ ಶಿಖರ: ವಿಯೊಲೆ-ಲೆ-ಡ್ಯೂಕ್

ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಪಾಠ ಮಾಡುವಾಗ ಪ್ಯಾರಿಸ್ಸಿನ ನೊತ್ರ ದಾಮ್ ಚರ್ಚಿನ ಚಿತ್ರ ತೋರಿಸಿದ್ದೆ. ಚಾವಣಿಯ ಭಾರಕ್ಕೆ ಗೋಡೆ ಹೊರಕ್ಕೆ ವಾಲದಂತೆ ಆಸರೆ ಕೊಡುವ ಕಲ್ಲಿನ ಕಮಾನುಗಳು ನನ್ನ ಉದಾಹರಣೆ. ಕಟ್ಟಡ ಎಂಟುನೂರು ವರ್ಷ ಹಳೆಯದು ಎಂದೆ. ಮೇಲಿನ ಚೂಪು ಶಿಖರವೂ ಅಷ್ಟೇ ಹಳೆಯದಾ ಎಂದು ಒಬ್ಬ ಹುಡುಗಿ ಕೇಳಿದಳು. ಹೌದು ಎಂದುಬಿಟ್ಟೆ. ಅದು ತಪ್ಪು ಉತ್ತರ. ಸರಿ ಉತ್ತರ ಹುಡುಕುವಾಗ ಸಿಕ್ಕಿದ್ದು ಯೂಜೀನ್ ವಿಯೊಲೆ-ಲೆ-ಡ್ಯೂಕ್ ಅವರ ಜೀವನ.

ಅವರು 1814ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದರು. ವಾಸ್ತುಶಿಲ್ಪಿಯಾಗಬೇಕೆಂಬ ಆಸೆಯಿದ್ದರೂ ಅಲ್ಲಿನ ಪ್ರಸಿದ್ಧ ಕಲಾಶಾಲೆಗೆ ಸೇರಲು ಒಪ್ಪಲಿಲ್ಲ. ಊರೂರು ತಿರುಗಿ, ಹಳೆಯ ಕಟ್ಟಡಗಳ ಚಿತ್ರ ಬರೆಯುತ್ತಲೇ ಕಲಿತರು. (ಪ್ರಮಾಣಪತ್ರಕ್ಕಾಗಿ ಓದುತ್ತಿರುವ ನಮಗೆ ಇದು ಸ್ವಲ್ಪ ಮುಜುಗರದ ಸಂಗತಿ.)

1840ರಲ್ಲಿ, ಇಪ್ಪತ್ತಾರರ ವಯಸ್ಸಿಗೆ, ವೆಜ್‌ಲೆ ಎಂಬ ಊರಿನ ಚರ್ಚನ್ನು ಉಳಿಸುವ ಕೆಲಸ ಅವರ ಕೈಗೆ ಬಂತು. ಅದು ಬೀಳುವ ಸ್ಥಿತಿಯಲ್ಲಿತ್ತು. ಕಮಾನು ಚಾವಣಿ ಗೋಡೆಗಳನ್ನು ಹೊರಕ್ಕೆ ತಳ್ಳಿತ್ತು. ಒಳಗೆ ಮರದ ಆಸರೆ ನಿಲ್ಲಿಸಿ, ಕೆಟ್ಟ ಕಮಾನುಗಳನ್ನು ಬಿಚ್ಚಿ ಮತ್ತೆ ಕಟ್ಟಿಸಿ, ಹೊರಗಿನ ಆಸರೆ ಕಮಾನುಗಳನ್ನೂ ಹೊಸದಾಗಿ ಕಟ್ಟಿಸಿದರು. ಚರ್ಚು ಉಳಿಯಿತು. ನನ್ನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ.

1844ರಲ್ಲಿ ಲಾಸ್ಸು ಎಂಬ ಹಿರಿಯ ವಾಸ್ತುಶಿಲ್ಪಿಯೊಂದಿಗೆ ನೊತ್ರ ದಾಮ್ ಕೆಲಸಕ್ಕೆ ಆಯ್ಕೆಯಾದರು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಜನ ಮುಂಭಾಗದ 28 ರಾಜರ ವಿಗ್ರಹಗಳನ್ನು ತಮ್ಮ ದೇಶದ ಅರಸರೆಂದೇ ತಿಳಿದು ಕೆಡವಿದ್ದರು. ನಿಜಕ್ಕೂ ಅವರು ಬೈಬಲ್ಲಿನ ರಾಜರು. ಆ ಸಾಲನ್ನು ಹೊಸದಾಗಿ ಕೆತ್ತಿಸಲಾಯಿತು. ಹಳೆಯ ತಲೆಗಳಲ್ಲಿ 21 ಮಾತ್ರ 1977ರಲ್ಲಿ ಪ್ಯಾರಿಸ್ಸಿನ ನೆಲದಡಿ ಸಿಕ್ಕವು. ಹದಿಮೂರನೇ ಶತಮಾನದ ಶಿಖರವನ್ನೂ ಆ ವೇಳೆಗೆ ಇಳಿಸಿಯಾಗಿತ್ತು. ಲಾಸ್ಸು ತೀರಿಕೊಂಡ ಮೇಲೆ, 1859ರಲ್ಲಿ, ವಿಯೊಲೆ-ಲೆ-ಡ್ಯೂಕ್ ತಮ್ಮದೇ ವಿನ್ಯಾಸದ ಶಿಖರ ನಿಲ್ಲಿಸಿದರು. ಅದು ಓಕ್ ಮರದ್ದು, ಮೇಲೆ ಸೀಸದ ಹೊದಿಕೆ. ಬುಡದಲ್ಲಿ ತಾಮ್ರದ ವಿಗ್ರಹಗಳು. ಉಳಿದವೆಲ್ಲ ಊರಿನ ಕಡೆ ನೋಡಿದರೆ, ಅವರದೇ ಮುಖದ ಸಂತ ಥಾಮಸ್ ಮಾತ್ರ ಹಿಂತಿರುಗಿ ಶಿಖರವನ್ನು ನೋಡುತ್ತಾನೆ.

ಜೀರ್ಣೋದ್ಧಾರವೆಂದರೆ ಕಟ್ಟಡಕ್ಕೆ ಪೂರ್ಣ ರೂಪ ಕೊಡುವುದು, ಆ ರೂಪ ಹಿಂದೆ ಎಂದೂ ಇರದಿದ್ದರೂ ಸರಿ ಎಂಬುದು ಅವರ ನಿಲುವು. ಇಂಗ್ಲೆಂಡಿನ ಜಾನ್ ರಸ್ಕಿನ್ ಇಂಥ ಜೀರ್ಣೋದ್ಧಾರವೇ ಸುಳ್ಳು ಎಂದು ವಾದಿಸಿದ್ದರು. ಕಾರ್ಕಾಸೋನ್ ಕೋಟೆಯ ಬುರುಜುಗಳಿಗೆ ವಿಯೊಲೆ-ಲೆ-ಡ್ಯೂಕ್ ಹಾಕಿಸಿದ ಚೂಪಾದ ಸ್ಲೇಟುಕಲ್ಲಿನ ಮಾಡು ಆ ದಕ್ಷಿಣ ಸೀಮೆಯದಲ್ಲ ಎಂಬ ಆಕ್ಷೇಪ ಇಂದಿಗೂ ಇದೆ. ಅಲ್ಲಿ ನನ್ನ ಮತ ರಸ್ಕಿನ್ ಕಡೆಗೆ, ವೆಜ್‌ಲೆಯಲ್ಲಿ ಅಲ್ಲ. ಅಲ್ಲಿ ಕೈ ಹಾಕದಿದ್ದರೆ ಚರ್ಚೇ ಇರುತ್ತಿರಲಿಲ್ಲ.

1879ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಅವರು ತೀರಿಕೊಂಡರು. 2019ರ ಏಪ್ರಿಲ್ 15ರಂದು ನೊತ್ರ ದಾಮ್‌ಗೆ ಬೆಂಕಿ ಬಿದ್ದು ಶಿಖರ ಕುಸಿಯಿತು. ದುರಸ್ತಿಗೆಂದು ನಾಲ್ಕು ದಿನ ಮೊದಲೇ ಇಳಿಸಿದ್ದರಿಂದ ವಿಗ್ರಹಗಳು ಉಳಿದವು. ಶಿಖರವನ್ನು ಅವರ ವಿನ್ಯಾಸದಂತೆಯೇ ಮತ್ತೆ ಕಟ್ಟಿ, 2024ರ ಡಿಸೆಂಬರಿನಲ್ಲಿ ಚರ್ಚನ್ನು ತೆರೆದರು.

ಮುಂದಿನ ತರಗತಿಯಲ್ಲಿ ನನ್ನ ಉತ್ತರ ತಿದ್ದಿಕೊಂಡೆ. ಹಾಗಾದರೆ ಈಗಿರುವ ಶಿಖರದ ವಯಸ್ಸೆಷ್ಟು ಎಂದು ಅದೇ ಹುಡುಗಿ ಕೇಳಿದಳು. ಹಲಗೆಯ ಮೇಲೆ ಎರಡು ಇಸವಿ ಬರೆದು, ನೀವೇ ಹೇಳಿ ಎಂದೆ.